ಅಲೆ ಚದುರುತ್ತದಾ, ಕಪ್ಪುಕುಳಿ ಆಗುತ್ತದಾ? ಹದಿನಾರನೇ ಅಂಕೆಯಲ್ಲಿ ನಿಂತ ಪ್ರಶ್ನೆ

ಬಾವಿಗೆ ಕೊಡ ಇಳಿಸಿದಾಗ ಏಳುವ ಅಲೆಯನ್ನು ಗಮನಿಸಿದ್ದೀರಾ? ಉಂಗುರದ ಹಾಗೆ ಹರಡುತ್ತಾ ಹೋಗಿ ಕಲ್ಲಿನ ಗೋಡೆಗೆ ತಾಗುತ್ತದೆ, ಅಲ್ಲಿಂದ ತಿರುಗಿ ನಡುವಿಗೆ ಬರುತ್ತದೆ. ಬಾವಿ ಚೆನ್ನಾಗಿ ದುಂಡಗಿದ್ದರೆ ಸುತ್ತಲಿನ ಅಲೆಯೆಲ್ಲ ಒಂದೇ ಹೊತ್ತಿಗೆ ಬಂದು ಸೇರಿ, ನಡುವಿನಲ್ಲಿ ನೀರು ಒಂದು ಕ್ಷಣ ಪುಟಿಯುತ್ತದೆ. ಆಮೇಲೆ ಮತ್ತೆ ಹರಡಿ ಹೋಗುತ್ತದೆ.

ಈಗ ನೀರಿನ ಅಲೆಯ ಜಾಗದಲ್ಲಿ ತನ್ನದೇ ಗುರುತ್ವ ಇರುವ ಒಂದು ಅಲೆಯನ್ನು ಇಟ್ಟು ನೋಡಿ. ಅಲೆಯಲ್ಲಿ ಶಕ್ತಿ ಇದೆ, ಶಕ್ತಿ ಇದ್ದ ಕಡೆ ಗುರುತ್ವ ಇದೆ. ಅಲೆ ಸಣ್ಣದಾದರೆ ಬಾವಿಯ ನೀರಿನ ಹಾಗೇ ನಡುವಿಗೆ ಬಂದು, ಹಾದು, ಹೊರಗೆ ಚದುರಿ ಹೋಗುತ್ತದೆ. ದೊಡ್ಡದಾದರೆ ನಡುವಿಗೆ ಬಂದ ಶಕ್ತಿ ತನ್ನ ಸೆಳೆತದಿಂದ ತಾನೇ ಬಿಡಿಸಿಕೊಳ್ಳಲಾರದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅಲ್ಲೊಂದು ಕಪ್ಪುಕುಳಿ ಹುಟ್ಟುತ್ತದೆ. ಸತ್ತ ನಕ್ಷತ್ರ ಬೇಕಿಲ್ಲ, ಕಲ್ಲು ಮಣ್ಣು ಬೇಕಿಲ್ಲ, ಬರೀ ಅಲೆ ಸಾಕು.

ಇವೆರಡರ ನಡುವಿನ ಗಡಿಯಲ್ಲಿ ಏನಾಗುತ್ತದೆ ಅನ್ನುವುದೇ ಪ್ರಶ್ನೆ. ಚದುರಿ ಹೋಗಲು ಒಂಚೂರು ಜಾಸ್ತಿ, ಕುಸಿಯಲು ಒಂಚೂರು ಕಡಿಮೆ ಇರುವ ಅಲೆಗೆ ಏನು ಗತಿ? ಇದನ್ನು ಬಗೆಹರಿಸಿದ್ದು ಕಾಗದದ ಮೇಲಿನ ಗಣಿತ ಅಲ್ಲ. ಕಂಪ್ಯೂಟರ್ ಮೊದಲು ಕಂಡಿತು, ಗಣಿತ ಇಪ್ಪತ್ತು ವರ್ಷ ತಡವಾಗಿ ಅದರ ಹಿಂದೆ ಬಂತು. ಈಗ ಮತ್ತೆ ಕಂಪ್ಯೂಟರೇ ಆ ಉತ್ತರದ ಒಂದು ಭಾಗವನ್ನು ಅಲುಗಾಡಿಸುತ್ತಿದೆ. ಇದನ್ನು ಕನ್ನಡದಲ್ಲಿ ಬಿಡಿಸಿ ಬರೆಯಬೇಕು ಅಂತ ನನಗೆ ಬಹಳ ದಿನದಿಂದ ಆಸೆ ಇತ್ತು.

ಮೊದಲು ‘ಅದಿಶ ಕ್ಷೇತ್ರ’ ಅಂದರೇನು ನೋಡೋಣ. ಇಂಗ್ಲಿಷ್‌ನಲ್ಲಿ ಓದಿದವರು ಸ್ಕೇಲಾರ್ ಫೀಲ್ಡ್ ಅನ್ನುತ್ತಾರೆ. ಪ್ರತಿ ಜಾಗಕ್ಕೂ ಒಂದೇ ಒಂದು ಸಂಖ್ಯೆ, ಅಷ್ಟೇ. ಒಂದು ಕೋಣೆಯ ಉಷ್ಣಾಂಶ ತಗೊಳ್ಳಿ: ಕಿಟಕಿಯ ಹತ್ತಿರ 31, ಮೂಲೆಯಲ್ಲಿ 28, ಒಲೆಯ ಹತ್ತಿರ 36. ಗಾಳಿಗೆ ದಿಕ್ಕಿದೆ, ಉಷ್ಣಾಂಶಕ್ಕೆ ದಿಕ್ಕಿಲ್ಲ. ಅದಕ್ಕೇ ಅದಿಶ. ಇದು ಬರೀ ಕಲ್ಪನೆಯೂ ಅಲ್ಲ, 2012ರಲ್ಲಿ ಸರ್ನ್‌ನಲ್ಲಿ ಸಿಕ್ಕ ಹಿಗ್ಸ್ ಕಣದ ಹಿಂದಿರುವುದು ಇಂಥದೇ ಒಂದು ಕ್ಷೇತ್ರ. ಆದರೆ ನಾವು ಮಾತಾಡುತ್ತಿರುವುದು ಇನ್ನೂ ಸರಳವಾದದ್ದು. ಇದಕ್ಕೆ ದ್ರವ್ಯರಾಶಿ ಇಲ್ಲ, ಬೆಳಕಿನ ವೇಗದಲ್ಲಿ ಅಲೆಯಾಗಿ ಸಾಗುತ್ತದೆ.

ಇದನ್ನೇ ಯಾಕೆ ಆರಿಸಿಕೊಂಡರು? ಕಾರಣ ಚೆನ್ನಾಗಿದೆ. ಪೂರ್ತಿ ದುಂಡಗಿನ, ಅಂದರೆ ಎಲ್ಲ ದಿಕ್ಕಿನಿಂದಲೂ ಒಂದೇ ಥರ ಕಾಣುವ ಜಗತ್ತಿನಲ್ಲಿ ಗುರುತ್ವದ ಅಲೆಗಳು ಹುಟ್ಟುವುದೇ ಇಲ್ಲ. ಹಾಗಾಗಿ ಅಲೆ ಬೇಕಾದರೆ ಬೇರೆ ಯಾವುದಾದರೂ ವಸ್ತುವನ್ನು ತರಬೇಕು. ಧೂಳು ತಂದರೆ ಅದಕ್ಕೆ ತಡೆಯುವ ಶಕ್ತಿ ಇಲ್ಲ, ಸುಮ್ನೆ ಕುಸಿಯುತ್ತದೆ. ಅನಿಲ ತಂದರೆ ಆಘಾತದ ಅಲೆಗಳು ಎದ್ದು ಲೆಕ್ಕ ಕೆಡುತ್ತದೆ, ಅಥವಾ ಅದು ನಕ್ಷತ್ರವಾಗಿ ನಿಂತುಬಿಡುತ್ತದೆ. ದ್ರವ್ಯರಾಶಿ ಇಲ್ಲದ ಅದಿಶ ಕ್ಷೇತ್ರ ಎಲ್ಲೂ ನಿಲ್ಲುವುದಿಲ್ಲ. ಒಂದೋ ಚದುರಬೇಕು, ಇಲ್ಲವೇ ಕಪ್ಪುಕುಳಿ ಆಗಬೇಕು. ಮೂರನೇ ದಾರಿ ಇಲ್ಲದಿರುವುದರಿಂದ ಪ್ರಶ್ನೆ ಸ್ವಚ್ಛವಾಗುತ್ತದೆ.

ಡೆಮೆಟ್ರಿಯೋಸ್ ಕ್ರಿಸ್ಟೊಡೌಲು ಎಂಬ ಗಣಿತಜ್ಞರು 1980ರ ದಶಕದಲ್ಲಿ ಇದನ್ನೇ ಕೂತು ಬಿಡಿಸುತ್ತಿದ್ದರು. ಬಹಳ ದುರ್ಬಲ ಅಲೆ ಚದುರುತ್ತದೆ, ಬಹಳ ಬಲವಾದದ್ದು ಕುಸಿಯುತ್ತದೆ ಅಂತ ಅವರು ಸಾಧಿಸಿದ್ದರು. ಗಡಿಯ ಹತ್ತಿರ ಮಾತ್ರ ಗಣಿತ ಕೈ ಕೊಡುತ್ತಿತ್ತು. 1987ರಲ್ಲಿ ಅವರು ಕೆನಡಾದ ಯುವ ಸಂಶೋಧಕ ಮ್ಯಾಥ್ಯೂ ಚಾಪ್ಟುಯಿಕ್ ಮುಂದೆ ಒಂದು ಪ್ರಶ್ನೆ ಇಟ್ಟರು. ಗಡಿ ದಾಟಿದ ಕೂಡಲೇ ಹುಟ್ಟುವ ಮೊದಲ ಕಪ್ಪುಕುಳಿಗೆ ಇಂತಿಷ್ಟು ಕನಿಷ್ಠ ತೂಕ ಇರುತ್ತದಾ, ಅಥವಾ ಎಷ್ಟು ಬೇಕಾದರೂ ಚಿಕ್ಕದಾಗಿ ಹುಟ್ಟಬಹುದಾ? ಇದಕ್ಕೆ ಉತ್ತರ ಪ್ರಕಟವಾಗಿದ್ದು 1993ರಲ್ಲಿ. ನಡುವೆ ಆರು ವರ್ಷ ಹೋಗಿತ್ತು.

ಲೆಕ್ಕ ಹೇಗೆ ನಡೆಯುತ್ತದೆ ಅಂತ ಹತ್ತಿರದಿಂದ ನೋಡೋಣ. ಜಗತ್ತು ದುಂಡಗಿದ್ದರೆ ನಡುವಿನಿಂದ ಎಷ್ಟು ದೂರ ಅನ್ನುವುದು ಒಂದೇ ಸಾಕು, ಎಡ ಬಲ ಮೇಲೆ ಕೆಳಗೆ ಬೇಡ. ಹಾಗಾಗಿ ಕಂಪ್ಯೂಟರ್‌ಗೆ ಕೊಡುವುದು ಒಂದು ಉದ್ದ ಸಾಲು. ಸಾಲಿನ ಪ್ರತಿ ಚುಕ್ಕೆಯಲ್ಲೂ ಕ್ಷೇತ್ರದ ಬೆಲೆ, ಅದು ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದು, ಜೊತೆಗೆ ಅಲ್ಲಿ ಜಾಗ ಎಷ್ಟು ಹಿಗ್ಗಿದೆ, ಗಡಿಯಾರ ಎಷ್ಟು ನಿಧಾನವಾಗಿದೆ ಅನ್ನುವ ಎರಡು ಸಂಖ್ಯೆ. ಕ್ಷೇತ್ರವನ್ನು ಒಂದು ಚಿಕ್ಕ ಹೆಜ್ಜೆ ಮುಂದಕ್ಕೆ ತಳ್ಳುವುದು. ಆ ಹೊಸ ಕ್ಷೇತ್ರಕ್ಕೆ ತಕ್ಕಂತೆ ಗುರುತ್ವ ಹೇಗಿರಬೇಕು ಅಂತ ನಡುವಿನಿಂದ ಹೊರಕ್ಕೆ ಚುಕ್ಕೆ ಚುಕ್ಕೆಯಾಗಿ ಕೂಡಿಸಿಕೊಂಡು ಹೋಗುವುದು. ಮತ್ತೆ ಒಂದು ಹೆಜ್ಜೆ. ಇಷ್ಟೇ. ದುಂಡಗಿನ ಜಗತ್ತಿನಲ್ಲಿ ಗುರುತ್ವಕ್ಕೆ ಸ್ವಂತ ಹಟ ಇಲ್ಲ, ಕ್ಷೇತ್ರ ಕುಣಿಸಿದ ಹಾಗೆ ಕುಣಿಯುತ್ತದೆ.

ಕಪ್ಪುಕುಳಿ ಆಯಿತು ಅಂತ ಗೊತ್ತಾಗುವುದು ಹೇಗೆ? ಒಂದು ದೂರದೊಳಗಿನ ದ್ರವ್ಯರಾಶಿಯ ಎರಡರಷ್ಟನ್ನು ಆ ದೂರದಿಂದ ಭಾಗಿಸಿ ನೋಡುತ್ತಿರಬೇಕು (ಗುರುತ್ವದ ಸ್ಥಿರಾಂಕ ಮತ್ತು ಬೆಳಕಿನ ವೇಗ ಎರಡನ್ನೂ 1 ಅಂತ ಇಟ್ಟುಕೊಂಡಿರುತ್ತಾರೆ). ಅದು ಒಂದಕ್ಕೆ ಹತ್ತಿರ ಹತ್ತಿರ ಬಂದರೆ ಕುಳಿ ಹುಟ್ಟುತ್ತಿದೆ ಅಂತ ಅರ್ಥ. ಚಾಪ್ಟುಯಿಕ್ ಬಳಸಿದ ಥರದ ನಿರ್ದೇಶಾಂಕಗಳಲ್ಲಿ ಅದು ಪೂರ್ತಿ ಒಂದು ಆಗುವುದಿಲ್ಲ, ಅಷ್ಟರಲ್ಲಿ ಒಳಗಿನ ಗಡಿಯಾರ ಹೆಚ್ಚುಕಡಿಮೆ ನಿಂತೇ ಹೋಗಿರುತ್ತದೆ. ಕೋಡ್ ಓಡಿಸುವವರು ಪರದೆಯ ಮೇಲೆ ಕಾಯುವುದು ಈ ಎರಡು ಸಂಖ್ಯೆಗಳನ್ನೇ.

ಗಡಿ ಹುಡುಕುವ ಕೆಲಸ ಹೇಳಲು ಸುಲಭ. ಅಲೆಯ ಎತ್ತರವನ್ನು ತಿರುಗಿಸುವ ಒಂದು ಗುಬುಟಿಯ (ನಾಬ್) ಹಾಗೆ ಇಟ್ಟುಕೊಳ್ಳಿ. ಒಂದು ಬೆಲೆಗೆ ಚದುರುತ್ತದೆ, ಇನ್ನೊಂದಕ್ಕೆ ಕುಸಿಯುತ್ತದೆ. ಎರಡರ ನಡುವಿನ ಬೆಲೆ ಹಾಕಿ ಓಡಿಸಿ. ಚದುರಿದರೆ ಮೇಲಿನ ಅರ್ಧ, ಕುಸಿದರೆ ಕೆಳಗಿನ ಅರ್ಧ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ಸುಮಾರು ಐವತ್ತು ಓಟಗಳಲ್ಲಿ ಹದಿನೈದು ಅಂಕೆಯಷ್ಟು ನಿಖರವಾಗಿ ಗಡಿ ಸಿಗುತ್ತದೆ. ಸಾಮಾನ್ಯ ಕಂಪ್ಯೂಟರ್ ಸಂಖ್ಯೆಯೊಂದಕ್ಕೆ ಇಟ್ಟುಕೊಳ್ಳುವುದೇ ಹದಿನೈದು ಹದಿನಾರು ಅಂಕೆ. ಅದರಾಚೆ ಅರ್ಧ ಮಾಡಲು ಏನೂ ಉಳಿದಿರುವುದಿಲ್ಲ.

ಕಷ್ಟ ಇರುವುದು ಸಾಲಿನ ಚುಕ್ಕೆಗಳಲ್ಲಿ. ಇದನ್ನು ನಾನೇ ಅನುಭವಿಸಿದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಮೊದಲು ಬರೆದ ಕೋಡ್‌ನಲ್ಲಿ ಚುಕ್ಕೆಗಳೆಲ್ಲ ಸಮ ದೂರದಲ್ಲಿದ್ದವು. ಗಡಿಗೆ ಹತ್ತಿರ ಹೋಗುತ್ತಾ ಕಪ್ಪುಕುಳಿ ಚಿಕ್ಕದಾಗುತ್ತಾ ಬಂತು, ಬಂತು, ಆಮೇಲೆ ಒಂದು ಗಾತ್ರದಲ್ಲಿ ನಿಂತುಬಿಟ್ಟಿತು. ಎಷ್ಟೇ ಗುಬುಟಿ ತಿರುಗಿಸಿದರೂ ಅದಕ್ಕಿಂತ ಚಿಕ್ಕದು ಆಗಲಿಲ್ಲ. ನೋಡಿದವರಿಗೆ ಕ್ರಿಸ್ಟೊಡೌಲು ಪ್ರಶ್ನೆಗೆ ಉತ್ತರ ಸಿಕ್ಕೇಬಿಟ್ಟಿತು ಅನ್ನಿಸಬೇಕು: ಹೌದು, ಕನಿಷ್ಠ ತೂಕ ಇದೆ. ಆದರೆ ಚುಕ್ಕೆಗಳ ಅಂತರವನ್ನು ಅರ್ಧ ಮಾಡಿ ಓಡಿಸಿದೆ, ಆ ‘ಕನಿಷ್ಠ’ ಗಾತ್ರವೂ ಅರ್ಧ ಆಯಿತು. ಅಂದರೆ ನಾನು ನೋಡಿದ್ದು ಪ್ರಕೃತಿಯ ಮಿತಿ ಅಲ್ಲ, ನನ್ನ ಗ್ರಿಡ್‌ನ, ಅಂದರೆ ಚುಕ್ಕೆಗಳ ಸಾಲಿನ, ಮಿತಿ. ಎರಡು ಚುಕ್ಕೆಗಳ ನಡುವೆಯೇ ಅಡಗಿಹೋಗುವಷ್ಟು ಚಿಕ್ಕ ಕಪ್ಪುಕುಳಿ ಕಂಪ್ಯೂಟರ್‌ಗೆ ಕಾಣುವುದಿಲ್ಲ. ಈ ವಿಷಯದಲ್ಲಿ ಏನೇ ಓದಿದರೂ ನಾನು ಮೊದಲು ಕೇಳುವ ಪ್ರಶ್ನೆ ಅಂದಿನಿಂದ ಇದೇ: ಇದು ಗುರುತ್ವ ಹೇಳುತ್ತಿರುವುದಾ, ಗ್ರಿಡ್ ಹೇಳುತ್ತಿರುವುದಾ?

ಹಾಗಾದರೆ ಚುಕ್ಕೆಗಳನ್ನು ಎಲ್ಲ ಕಡೆ ಒತ್ತೊತ್ತಾಗಿ ಇಟ್ಟರಾಯಿತಲ್ಲ? ಆಗುವುದಿಲ್ಲ. ಅಂತರ ಅರ್ಧ ಮಾಡಿದರೆ ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕು, ಇಲ್ಲವಾದರೆ ಲೆಕ್ಕ ಸಿಡಿದುಹೋಗುತ್ತದೆ. ಗಡಿಯಲ್ಲಿ ನಡೆಯುವ ಕಥೆಗೆ 30 ಸಾವಿರ ಪಟ್ಟು ಸೂಕ್ಷ್ಮ ಗ್ರಿಡ್ ಬೇಕು. ಎಲ್ಲ ಕಡೆ ಅಷ್ಟು ಸೂಕ್ಷ್ಮ ಮಾಡಿದರೆ ಕೆಲಸ 90 ಕೋಟಿ ಪಟ್ಟು ಹೆಚ್ಚುತ್ತದೆ, ಅದೂ ಒಂದೇ ಸಾಲಿನ ಲೆಕ್ಕಕ್ಕೆ. ಚಾಪ್ಟುಯಿಕ್ ಇದಕ್ಕೆ ಹಿಡಿದ ದಾರಿ ಮಾರ್ಷಾ ಬರ್ಗರ್ ಮತ್ತು ಜೋಸೆಫ್ ಆಲಿಗರ್ 1984ರಲ್ಲಿ ಪ್ರಕಟಿಸಿದ ಉಪಾಯ. ಎಲ್ಲಿ ಕ್ಷೇತ್ರ ಚೂಪಾಗುತ್ತದೋ ಅಲ್ಲಿ ಮಾತ್ರ ಕೋಡ್ ತಾನೇ ಗ್ರಿಡ್‌ನ ಒಳಗೊಂದು ಸಣ್ಣ ಗ್ರಿಡ್ ಹಾಕುತ್ತದೆ. ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಕೆಲಸ ಮುಗಿದ ಮೇಲೆ ತೆಗೆದುಹಾಕುತ್ತದೆ. ಸಾಪೇಕ್ಷತೆಯ ಲೆಕ್ಕಗಳಲ್ಲಿ ಇದು ಇಷ್ಟು ಗಟ್ಟಿಯಾಗಿ ಕೈಹಿಡಿದ ಮೊದಲ ದೊಡ್ಡ ಉದಾಹರಣೆ ಅದೇ.

ಹೀಗೆ ನೋಡಿದಾಗ ಕಂಡದ್ದೇನು?

ಮೊದಲನೆಯದಾಗಿ, ಕನಿಷ್ಠ ತೂಕ ಅನ್ನುವುದು ಇಲ್ಲ. ಗಡಿಗೆ ಹತ್ತಿರವಾದಷ್ಟೂ ಕಪ್ಪುಕುಳಿ ಚಿಕ್ಕದಾಗುತ್ತಾ ಸೊನ್ನೆಯ ಕಡೆಗೆ ಹೋಗುತ್ತದೆ, ಅದೂ ಒಂದು ನಿಯಮಕ್ಕೆ ಕಟ್ಟುಬಿದ್ದು. ಗಡಿಯಿಂದ ಇರುವ ದೂರದ 0.37ನೇ (ಇನ್ನೂ ನಿಖರವಾಗಿ 0.374) ಘಾತದಂತೆ ದ್ರವ್ಯರಾಶಿ ಬದಲಾಗುತ್ತದೆ. ಲೆಕ್ಕಕ್ಕೆ ಇಳಿಸಿದರೆ, ಗಡಿಗೆ ಹತ್ತು ಪಟ್ಟು ಹತ್ತಿರ ಹೋದರೆ ಕಪ್ಪುಕುಳಿ ಸುಮಾರು 2.4 ಪಟ್ಟು ಹಗುರಾಗುತ್ತದೆ, ಹತ್ತು ಲಕ್ಷ ಪಟ್ಟು ಹತ್ತಿರ ಹೋದರೆ ಸುಮಾರು 175 ಪಟ್ಟು.

ಎರಡನೆಯದು ನನಗೆ ಇಂದಿಗೂ ಮೈ ಜುಮ್ಮೆನ್ನಿಸುವಂಥದ್ದು. ಶುರುವಿನಲ್ಲಿ ಯಾವ ಆಕಾರದ ಅಲೆ ಕಳಿಸಿದರೂ ಆ 0.37 ಬದಲಾಗುವುದಿಲ್ಲ. ಗಂಟೆಯ ಆಕಾರದ ಅಲೆ, ಮೆಟ್ಟಿಲಿನ ಹಾಗಿನ ಅಲೆ, ಅಗಲವಾದದ್ದು, ಕಿರಿದಾದದ್ದು, ಯಾವುದಾದರೂ ಸರಿ. ಗುಬುಟಿಯ ಬೆಲೆ ಬೇರೆ ಬೇರೆ ಬರುತ್ತದೆ, ಘಾತ ಮಾತ್ರ ಒಂದೇ. ಸಹ್ಯಾದ್ರಿಯ ನೆತ್ತಿಯ ಮೇಲೆ ಬೀಳುವ ಮಳೆಹನಿಯನ್ನು ನೆನೆಸಿಕೊಳ್ಳಿ. ಒಂದು ಗೇಣು ಪಶ್ಚಿಮಕ್ಕೆ ಬಿದ್ದರೆ ನೇತ್ರಾವತಿ ಸೇರಿ ಅರಬ್ಬಿ ಸಮುದ್ರ, ಒಂದು ಗೇಣು ಪೂರ್ವಕ್ಕೆ ಬಿದ್ದರೆ ಹೇಮಾವತಿ, ಕಾವೇರಿ, ಬಂಗಾಳ ಕೊಲ್ಲಿ. ಸರಿಯಾಗಿ ನೆತ್ತಿಯ ಮೇಲೆ ಬಿದ್ದ ಹನಿ ಎಲ್ಲಿಂದ ಬಂದಿತ್ತು ಅನ್ನುವುದು ಮುಖ್ಯ ಅಲ್ಲ, ನೆತ್ತಿ ಎಷ್ಟು ಕಡಿದಾಗಿದೆ ಅನ್ನುವುದೇ ಮುಖ್ಯ. 0.37 ಅನ್ನುವುದು ಆ ಕಡಿದಾದ ಇಳಿಜಾರನ್ನು ಅಳೆಯುವ ಸಂಖ್ಯೆ. 1990ರ ದಶಕದಲ್ಲಿ ಜಪಾನಿನ ಕೊಯಿಕೆ, ಹಾರಾ, ಅದಾಚಿ, ಮತ್ತು ಬೇರೆಯಾಗಿ ಕಾರ್ಸ್ಟನ್ ಗುಂಡ್ಲಾಕ್, ನೆತ್ತಿಯಿಂದ ಜಾರುವ ದಾರಿ ಒಂದೇ ಒಂದು ಇದೆ, ಆ ಜಾರುವಿಕೆಯ ವೇಗದಿಂದಲೇ ಇಂಥ ಘಾತ ಬರುತ್ತದೆ ಅಂತ ತೋರಿಸಿದರು. ನೀರು ಆವಿಯಾಗುವ ಗಡಿಬಿಂದುವಿನಲ್ಲೂ ಕೆಲವು ಮ್ಯಾಗ್ನೆಟ್‌ಗಳು ಮ್ಯಾಗ್ನೆಟ್‌ತನ ಕಳೆದುಕೊಳ್ಳುವ ಬಿಂದುವಿನಲ್ಲೂ ಒಂದೇ ಘಾತಗಳು ಕಾಣುತ್ತವೆ ಅನ್ನುವುದು ಭೌತಶಾಸ್ತ್ರದಲ್ಲಿ ಹಳೆಯ ಸಂಗತಿ. ಅದೇ ಗಣಿತ ಕಪ್ಪುಕುಳಿಯ ಹುಟ್ಟಿನಲ್ಲೂ ಇದೆ ಅಂತ ಯಾರೂ ಎಣಿಸಿರಲಿಲ್ಲ.

ಮೂರನೆಯದು ಮಾರ್ದನಿ. ಗಡಿಯ ಮೇಲೆ ನಿಂತ ಅಲೆ ಸುಮ್ಮನೆ ನಿಂತಿರುವುದಿಲ್ಲ. ಕಟಿಂಗ್ ಶಾಪ್‌ನಲ್ಲಿ ಎದುರುಬದುರು ಎರಡು ಕನ್ನಡಿ ಇಟ್ಟಿರುತ್ತಾರಲ್ಲ, ಅದರಲ್ಲಿ ನಿಮ್ಮ ಮುಖದ ಹಿಂದೆ ಚಿಕ್ಕ ಮುಖ, ಅದರ ಹಿಂದೆ ಇನ್ನೂ ಚಿಕ್ಕದು, ಹೀಗೆ ಸಾಲು ಕಾಣುತ್ತದೆ. ಇಲ್ಲೂ ಹಾಗೇ. ಒಂದು ಆಕಾರ ಮೂಡುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಅದೇ ಆಕಾರ ಸುಮಾರು 31 ಪಟ್ಟು ಚಿಕ್ಕದಾಗಿ, 31 ಪಟ್ಟು ವೇಗವಾಗಿ ಮತ್ತೆ ಮೂಡುತ್ತದೆ. ಆಮೇಲೆ ಮತ್ತೆ 31 ಪಟ್ಟು. ನಟ್ಟನಡುವಿನ ಚುಕ್ಕೆಯಲ್ಲಿ ಕ್ಷೇತ್ರದ ಬೆಲೆಯನ್ನು ಗ್ರಾಫ್ ಹಾಕಿ ನೋಡಿ. ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಮತ್ತೆ ಮೇಲೆ, ಮತ್ತೆ ಕೆಳಗೆ. ಎತ್ತರ ಅಷ್ಟೇ ಇರುತ್ತದೆ, ಏರಿಳಿತದ ನಡುವಿನ ಹೊತ್ತು ಮಾತ್ರ ಕುಗ್ಗುತ್ತಾ ಕುಗ್ಗುತ್ತಾ ಕೊನೆಗೆ ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದು ಗೋಡೆಯ ಹಾಗೆ ಕಾಣುತ್ತದೆ. ಈ 31ರ ಹಿಂದಿರುವ ಸಂಖ್ಯೆ 3.44, ಅದರ ಘಾತೀಯ ಬೆಲೆ (2.718ರ 3.44ನೇ ಘಾತ) 31ಕ್ಕೆ ಬರುತ್ತದೆ. ಐನ್‌ಸ್ಟೈನ್ ಸಮೀಕರಣದಲ್ಲಿ ಎಲ್ಲೂ ಇಂಥ ಸಂಖ್ಯೆ ಬರೆದಿಲ್ಲ. ಅದು ಲೆಕ್ಕದೊಳಗಿಂದ ತಾನಾಗೇ ಎದ್ದು ಬಂತು.

ಬೇರೆ ಕೋಡ್‌ಗಳು, ಬೇರೆ ನಿರ್ದೇಶಾಂಕಗಳು, ಬೇರೆ ಜನ, ಎಲ್ಲರಿಗೂ ಅದೇ 0.37, ಅದೇ 3.44. ನನ್ನ ಗ್ರಿಡ್ ಪ್ರಶ್ನೆಗೆ ಇಲ್ಲಿ ಗಟ್ಟಿ ಉತ್ತರ ಇದೆ. ಕೊನೆಗೆ ರೈಟೆರರ್ ಮತ್ತು ಟ್ರುಬೊವಿಟ್ಜ್ ಎಂಬ ಗಣಿತಜ್ಞರು ಈ ಮಾರ್ದನಿಯ ಜಗತ್ತು ಐನ್‌ಸ್ಟೈನ್ ಸಮೀಕರಣಗಳ ನಿಜವಾದ ಉತ್ತರವೇ ಹೌದು ಅಂತ ಕಂಪ್ಯೂಟರ್ ನೆರವಿನಿಂದಲೇ ಸಾಧಿಸಿದರು. ಅದನ್ನು ಅವರು ಮೊದಲು ಹೊರಗಿಟ್ಟಿದ್ದು 2012ರಲ್ಲಿ, ಪತ್ರಿಕೆಯಲ್ಲಿ ಬಂದದ್ದು 2019ರಲ್ಲಿ.

ಇದರಿಂದ ಒಂದು ಪಂದ್ಯವೂ ಸೋತುಹೋಯಿತು. ಕಪ್ಪುಕುಳಿಯ ನಡುವೆ ಗುರುತ್ವ ಅಳತೆ ಮೀರುವ ಜಾಗಕ್ಕೆ ಸಿಂಗ್ಯುಲಾರಿಟಿ ಅನ್ನುತ್ತಾರೆ. ಅದು ಯಾವತ್ತೂ ಕಪ್ಪುಕುಳಿಯ ಪರದೆಯ ಹಿಂದೆಯೇ ಇರಬೇಕು, ಬಯಲಿಗೆ ಬರಕೂಡದು ಅಂತ ರೋಜರ್ ಪೆನ್‌ರೋಸ್ 1969ರಲ್ಲಿ ಊಹಿಸಿದ್ದರು. 1991ರಲ್ಲಿ ಸ್ಟೀಫನ್ ಹಾಕಿಂಗ್ ಈ ಊಹೆಯ ಪರವಾಗಿ ಕಿಪ್ ಥಾರ್ನ್ ಮತ್ತು ಜಾನ್ ಪ್ರೆಸ್ಕಿಲ್ ಜೊತೆ ಪಂದ್ಯ ಕಟ್ಟಿದರು. ಆದರೆ ಸರಿಯಾಗಿ ಗಡಿಯ ಮೇಲೆ ನಿಂತ ಅಲೆಯನ್ನು ನೋಡಿ: ಕಪ್ಪುಕುಳಿಯ ತೂಕ ಸೊನ್ನೆ, ಅಂದರೆ ಪರದೆಯೇ ಇಲ್ಲ. ಮಾರ್ದನಿಗಳು ಚಿಕ್ಕದಾಗುತ್ತಾ ಹೋದ ಹಾಗೆ ಗುರುತ್ವ ಏರುತ್ತಾ ಏರುತ್ತಾ ಅಳತೆ ಮೀರುತ್ತದೆ, ದೂರದಲ್ಲಿ ನಿಂತವರಿಗೆ ಅದು ಕಾಣುತ್ತದೆ. ಹಾಕಿಂಗ್ 1997ರಲ್ಲಿ ಸೋಲು ಒಪ್ಪಿಕೊಂಡರು. ಆದರೆ ಇದು ಪೆನ್ಸಿಲನ್ನು ಮೊನೆಯ ಮೇಲೆ ನಿಲ್ಲಿಸಿದ ಹಾಗೆ, ತೀರಾ ಹದವಾಗಿ ಗುಬುಟಿ ತಿರುಗಿಸಿದರೆ ಮಾತ್ರ ಆಗುವಂಥದ್ದು ಅಂತ ಹೊಸ ಷರತ್ತು ಸೇರಿಸಿ ಮತ್ತೊಂದು ಪಂದ್ಯ ಕಟ್ಟಿದರು. ಆ ತಕರಾರಿನಲ್ಲಿ ಹುರುಳಿತ್ತು. ಒಂದು ಕೂದಲೆಳೆ ಅಲುಗಿದರೂ ಆ ಬಯಲಿನ ಸಿಂಗ್ಯುಲಾರಿಟಿ ಮಾಯವಾಗುತ್ತದೆ ಅಂತ ಕ್ರಿಸ್ಟೊಡೌಲು 1999ರಲ್ಲಿ ಸಾಧಿಸಿದರು.

ಕನ್ನಡಿಗರಿಗೆ ಇಲ್ಲೊಂದು ಹತ್ತಿರದ ನಂಟಿದೆ, ಅದನ್ನು ಬಿಡಲಾರೆ. ಬೆಂಗಳೂರಿನ ಸಿ. ವಿ. ವಿಶ್ವೇಶ್ವರ ಅವರು ಅಮೆರಿಕದಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಕಪ್ಪುಕುಳಿಯ ಕಡೆಗೆ ಅಲೆಯ ತುಣುಕುಗಳನ್ನು ಕಳಿಸಿದರೆ ಏನು ವಾಪಸ್ ಬರುತ್ತದೆ ಅಂತ ಲೆಕ್ಕ ಹಾಕಿದವರು. 1970ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಕಂಡದ್ದು, ಗಂಟೆ ಬಾರಿಸಿದಾಗ ನಾದ ಎದ್ದು ಕ್ರಮೇಣ ಅಡಗುವ ಹಾಗೆ ಕಪ್ಪುಕುಳಿಯೂ ತನ್ನದೇ ಸ್ವರದಲ್ಲಿ ಮಿಡಿದು ಶಾಂತವಾಗುತ್ತದೆ ಅನ್ನುವುದು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ವೀಕ್ಷಣಾಲಯಕ್ಕೆ ಸಿಕ್ಕ ಮೊದಲ ಗುರುತ್ವದ ಅಲೆಯ ಬಾಲದಲ್ಲಿ ಇದ್ದದ್ದು ಇಂಥ ಮಿಡಿತವೇ. ಆಮೇಲೆ ಬೆಂಗಳೂರಿಗೆ ಬಂದು ಜವಾಹರಲಾಲ್ ನೆಹರು ತಾರಾಲಯ ಕಟ್ಟಿದವರೂ ಅವರೇ. ಅದಿಶ ಕ್ಷೇತ್ರ ಗಡಿ ದಾಟಿ ಕುಸಿದು ಕಪ್ಪುಕುಳಿಯಾದ ಮೇಲೆ ಹೊರಗೆ ಉಳಿದ ಅಲೆ ಹೇಗೆ ಅಡಗುತ್ತದೆ ಅಂತ ಕೋಡ್‌ನಲ್ಲಿ ನೋಡುವಾಗ ನಾವು ಅಳೆಯುವುದು ಆ ಥರದ ಸ್ವರವನ್ನೇ.

ಇನ್ನು ಈಗಿನ ಜಗಳಕ್ಕೆ ಬರೋಣ. ಮೇಲೆ ಹೇಳಿದ್ದೆಲ್ಲ ಪೂರ್ತಿ ದುಂಡಗಿನ ಜಗತ್ತಿನ ಕಥೆ. ಬಾವಿ ದುಂಡಗಿಲ್ಲದಿದ್ದರೆ? ನಿಜವಾದ ಅಲೆ ಯಾವುದೂ ನಾಲ್ಕೂ ಕಡೆಯಿಂದ ಸಮನಾಗಿ ಬರುವುದಿಲ್ಲ, ಅಲ್ವಾ?

1993ರಲ್ಲೇ ಆಂಡ್ರ್ಯೂ ಅಬ್ರಹಾಮ್ಸ್ ಮತ್ತು ಚಾರ್ಲ್ಸ್ ಎವಾನ್ಸ್ ವಸ್ತುವೇ ಇಲ್ಲದ, ಬರೀ ಗುರುತ್ವದ ಅಲೆಗಳನ್ನು ಕುಸಿಯುವಂತೆ ಮಾಡಿ ನೋಡಿದರು. ಅವು ದುಂಡಗಿರಲಾರವು, ಬುಗುರಿಯ ಹಾಗೆ ಒಂದು ಅಕ್ಷದ ಸುತ್ತ ಸಮ ಇರಬಹುದು ಅಷ್ಟೇ. ಅಲ್ಲೂ 0.37ರ ಆಸುಪಾಸಿನ ಘಾತ, ಮಾರ್ದನಿಯ ಸುಳಿವು. ಎಲ್ಲರಿಗೂ ಖುಷಿಯಾಯಿತು, ಗುರುತ್ವದ ಗಡಿಯೇ ಹೀಗೆ ಅಂತ ಅನ್ನಿಸಿತು. ಆಮೇಲೆ ಎಷ್ಟೋ ಗುಂಪುಗಳು ಅದನ್ನೇ ಮತ್ತೆ ಮಾಡಲು ಹೋಗಿ ವರ್ಷಗಟ್ಟಲೆ ಒದ್ದಾಡಿದವು. ಲೆಕ್ಕ ನಡುವೆಯೇ ಮುರಿದು ಬೀಳುತ್ತಿತ್ತು.

2019ರಲ್ಲಿ ಬಾಮ್‌ಗಾರ್ಟೆ, ಗುಂಡ್ಲಾಕ್, ಹಿಲ್‌ಡಿಚ್ ವಿದ್ಯುತ್ಕಾಂತ ಅಲೆಗಳನ್ನು, ಅಂದರೆ ಬೆಳಕಿನ ಜಾತಿಯ ಅಲೆಗಳನ್ನು ಕುಸಿಯಿಸಿ ನೋಡಿದರು. ಬೆಳಕಿನ ಅಲೆಯೂ ಪೂರ್ತಿ ದುಂಡಗಿರಲಾರದು. ಮಾರ್ದನಿ ಕಂಡಿತು, ಆದರೆ ಅಂದಾಜಿನದು, ಅಳತೆ ಕರಾರುವಾಕ್ಕಾಗಿ ಕೂರುತ್ತಿರಲಿಲ್ಲ. 2023ರಲ್ಲಿ ಗುರುತ್ವದ ಅಲೆಗಳ ಲೆಕ್ಕ ಮಾಡುತ್ತಿದ್ದ ಗುಂಪುಗಳು ತಮ್ಮ ಮೂರು ಸ್ವತಂತ್ರ ಕೋಡ್‌ಗಳ ಫಲಿತಾಂಶವನ್ನು ಪಕ್ಕಪಕ್ಕ ಇಟ್ಟು ಒಟ್ಟಿಗೆ ಪ್ರಕಟಿಸಿದವು. ನನ್ನ ಪ್ರಕಾರ ಈ ಕ್ಷೇತ್ರದಲ್ಲಿ ಇತ್ತೀಚೆಗೆ ಬಂದ ಅತ್ಯಂತ ಪ್ರಾಮಾಣಿಕ ಕೆಲಸ ಅದು. ಮೂರೂ ಕೋಡ್‌ಗಳು ಒಂದಕ್ಕೊಂದು ತಾಳೆಯಾದವು, ಹಾಗಾಗಿ ಕಂಡದ್ದು ಗ್ರಿಡ್‌ನ ಚೇಷ್ಟೆ ಅಲ್ಲ. ಆದರೆ ಬೇರೆ ಬೇರೆ ಆಕಾರದ ಅಲೆಗಳಿಗೆ ಗಡಿಯಲ್ಲಿ ಕಂಡ ಚಿತ್ರ ಒಂದೇ ಆಗಿರಲಿಲ್ಲ. ಎಲ್ಲರಿಗೂ ಒಂದೇ ಘಾತ, ಒಂದೇ ಮಾರ್ದನಿ ಅನ್ನುವ ದುಂಡು ಜಗತ್ತಿನ ಮಾತು ಅಲ್ಲಿ ನಿಲ್ಲಲಿಲ್ಲ.

ನಾವು ಈ ವಿಷಯವನ್ನು ಹೇಳಿಕೊಡುವಾಗ ಇಪ್ಪತ್ತೈದು ವರ್ಷ ಒಂದು ತಪ್ಪು ಮಾಡಿದ್ದೇವೆ ಅಂತ ನನಗೆ ಅನ್ನಿಸುತ್ತದೆ. ‘ಕಪ್ಪುಕುಳಿಯ ಹುಟ್ಟಿಗೆ ಎಲ್ಲೆಡೆ ಒಂದೇ ನಿಯಮ’ ಅಂತ ಹೇಳಿಬಿಡುತ್ತೇವೆ. ಹೇಳಬೇಕಾದದ್ದು ‘ದುಂಡಗಿನ ಕುಸಿತದಲ್ಲಿ, ಒಂದು ಬಗೆಯ ವಸ್ತುವಿಗೆ, ಒಂದು ನಿಯಮ’ ಅಂತ. 1994ರಲ್ಲಿ ಎವಾನ್ಸ್ ಮತ್ತು ಕೋಲ್‌ಮನ್ ವಿಕಿರಣದ ಥರದ ದ್ರವಕ್ಕೆ ಲೆಕ್ಕ ಹಾಕಿದಾಗ ಘಾತ 0.36ರ ಹತ್ತಿರ ಬಂತು. 0.37ಕ್ಕೆ ಎಷ್ಟು ಹತ್ತಿರ ನೋಡಿ. ಆದರೆ ಅಲ್ಲಿ ಮೆಟ್ಟಿಲು ಮೆಟ್ಟಿಲಾದ ಮಾರ್ದನಿಯೇ ಇಲ್ಲ, ಒಂದೇ ಸಮನೆ ಕುಗ್ಗುತ್ತದೆ. ಆ ಎರಡು ಸಂಖ್ಯೆ ಹತ್ತಿರ ಬಂದದ್ದು ಕಾಕತಾಳೀಯ ಅಂತ ಬೇಗನೇ ಗೊತ್ತಾಯಿತು, ದ್ರವದ ಒತ್ತಡ ಬದಲಿಸಿದರೆ ಘಾತವೂ ಬದಲಾಗುತ್ತದೆ. ಆದರೂ ಆ ಹತ್ತಿರದ ಹೋಲಿಕೆ ಜನರ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಹಾಗಂತ ದುಂಡಗಿನ ಲೆಕ್ಕ ವ್ಯರ್ಥ ಅಂತಲ್ಲ. ವಿಶ್ವ ಹುಟ್ಟಿದ ಮೊದಲ ಕ್ಷಣದಲ್ಲಿ ವಿಕಿರಣ ತುಂಬಿತ್ತು, ಅಲ್ಲಲ್ಲಿ ಸಾಂದ್ರತೆ ಜಾಸ್ತಿಯಾದ ಕಡೆ ನಕ್ಷತ್ರಗಳಿಗೂ ಮುಂಚೆಯೇ ಕಪ್ಪುಕುಳಿಗಳು ಹುಟ್ಟಿರಬಹುದು ಅನ್ನುವ ವಿಚಾರ ಇದೆ. ಇವಕ್ಕೆ ಆದಿಕಾಲದ ಕಪ್ಪುಕುಳಿಗಳು ಅನ್ನೋಣ. ಕಣ್ಣಿಗೆ ಕಾಣದ ದ್ರವ್ಯದ (ಡಾರ್ಕ್ ಮ್ಯಾಟರ್) ಒಂದು ಪಾಲು ಇವೇ ಇರಬಹುದಾ ಅಂತ ಹುಡುಕಾಟ ಜೋರಾಗಿ ನಡೆದಿದೆ. ಸೂರ್ಯನಿಗಿಂತ ಹಗುರವಾದ ಕಪ್ಪುಕುಳಿ ಸಿಕ್ಕರೆ ಅದು ನಕ್ಷತ್ರದಿಂದ ಬಂದಿರಲಾರದು, ಅದಕ್ಕೇ ಲೈಗೋ ದತ್ತಾಂಶದಲ್ಲಿ ಅಂಥದ್ದನ್ನು ಬಿಡದೆ ಹುಡುಕುತ್ತಾರೆ. ಸಾಂದ್ರತೆಯ ಅಂಥ ಅಪರೂಪದ ಎತ್ತರದ ಶಿಖರಗಳು ಹೆಚ್ಚುಕಡಿಮೆ ದುಂಡಗೇ ಇರುತ್ತವೆ ಅಂತ ಗಣಿತ ಹೇಳುತ್ತದೆ. ಹಾಗಾಗಿ ಅಲ್ಲಿ 0.36 ನಂಬಿಕೆಗೆ ಅರ್ಹ. 1998ರಲ್ಲಿ ನೀಮಾಯರ್ ಮತ್ತು ಯೆಡಾಮ್ಜಿಕ್ ತೋರಿಸಿದ್ದು ಇದನ್ನೇ: ಗಡಿ ದಾಟಿದ ಶಿಖರಗಳೆಲ್ಲ ಒಂದೇ ತೂಕದ ಕಪ್ಪುಕುಳಿ ಆಗುವುದಿಲ್ಲ, ಈ ಘಾತದ ಪ್ರಕಾರ ಚಿಕ್ಕವೂ ದೊಡ್ಡವೂ ಸೇರಿದ ಒಂದು ಹರವು ಬರುತ್ತದೆ.

ಬಾವಿಯ ಗೋಡೆಯನ್ನು ಮರೆಯದಿರಿ. 2011ರಲ್ಲಿ ಪೋಲೆಂಡಿನ ಬಿಜೋನ್ ಮತ್ತು ರೊಸ್ಟ್ವೊರೊವ್‌ಸ್ಕಿ ಅಲೆ ಹೊರಗೆ ತಪ್ಪಿಸಿಕೊಳ್ಳಲಾರದ, ಗೋಡೆಗೆ ತಾಗಿ ವಾಪಸ್ ಬರುವಂಥ ಜಗತ್ತಿನಲ್ಲಿ ಇದೇ ಅದಿಶ ಕ್ಷೇತ್ರವನ್ನು ಬಿಟ್ಟು ನೋಡಿದರು. ಸಣ್ಣ ಅಲೆಯೂ ಹೋಗಿ ಬಂದು, ಹೋಗಿ ಬಂದು, ಪ್ರತಿ ಸಲ ಇನ್ನಷ್ಟು ಚೂಪಾಗಿ, ಕೊನೆಗೊಂದು ದಿನ ಕಪ್ಪುಕುಳಿ ಆಗಿಯೇ ಬಿಟ್ಟಿತು. ಎಲ್ಲ ಆಕಾರದ ಅಲೆಗಳಿಗೂ ಹೀಗಾಗುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಅದೇ ಒಂದು ದೊಡ್ಡ ಕಥೆ, ಇನ್ನೊಮ್ಮೆ ಬರೆಯುತ್ತೇನೆ.

ಈಗ ದುಂಡಗಿಲ್ಲದ ಅದಿಶ ಕ್ಷೇತ್ರಕ್ಕೆ ವಾಪಸ್ ಬರುತ್ತೇನೆ, ನನ್ನನ್ನು ಹೆಚ್ಚು ಕಾಡುವುದು ಅದೇ. ದುಂಡು ಸ್ವಲ್ಪ ಕೆಟ್ಟರೆ ಏನಾಗುತ್ತದೆ? 1999ರಲ್ಲಿ ಮಾರ್ಟಿನ್-ಗಾರ್ಸಿಯಾ ಮತ್ತು ಗುಂಡ್ಲಾಕ್ ಲೆಕ್ಕ ಹಾಕಿ, ಸಣ್ಣ ಸೊಟ್ಟ ತಾನಾಗೇ ಸರಿಹೋಗುತ್ತದೆ, ಕುಸಿಯುತ್ತಾ ಕುಸಿಯುತ್ತಾ ಅಲೆ ಮತ್ತೆ ದುಂಡಗಾಗುತ್ತದೆ ಅಂದರು. 2003ರಲ್ಲಿ ಚಾಪ್ಟುಯಿಕ್, ಹರ್ಷ್‌ಮನ್, ಲೀಬ್ಲಿಂಗ್, ಪ್ರಿಟೋರಿಯಸ್ ಸೇರಿ ಸಿಮ್ಯುಲೇಶನ್ ಓಡಿಸಿದಾಗ ಬೇರೆಯೇ ಕಂಡಿತು. ಮೊದಲ ಮಾರ್ದನಿಗಳು ದುಂಡಗೇ ಇದ್ದವು. ಆದರೆ ಒಂದು ಸೊಟ್ಟ ಬಹಳ ನಿಧಾನವಾಗಿ ಬೆಳೆಯುತ್ತಿತ್ತು. ಕೊನೆಗೆ ನಡುವಿನ ಒಂದು ಮುದ್ದೆ ಅಕ್ಷದ ಉದ್ದಕ್ಕೆ ಎಳೆದಂತಾಗಿ ಎರಡಾಗಿ ಸೀಳಿತು, ಮೇಲೊಂದು ಕೆಳಗೊಂದು, ಎರಡೂ ತಂತಮ್ಮ ಜಾಗದಲ್ಲಿ ಮತ್ತೆ ದುಂಡಗೆ. 2018ರಲ್ಲಿ ಬಾಮ್‌ಗಾರ್ಟೆ ಮತ್ತೆ ಓಡಿಸಿ ನೋಡಿದರು. ಸೊಟ್ಟ ಚಿಕ್ಕದಾಗಿದ್ದರೆ 1999ರ ಲೆಕ್ಕದ ಹಾಗೆ ಅಡಗುತ್ತಿತ್ತು. ದೊಡ್ಡದಾಗಿದ್ದರೆ ಬೆಳೆಯುವ ಸುಳಿವು ಇತ್ತು. ಹಾಗಾದರೆ 1999ರವರೂ 2003ರವರೂ ತಂತಮ್ಮ ಜಾಗದಲ್ಲಿ ಸರಿಯೇ ಇರಬಹುದು.

ಸೀಳಿದ ಆ ಎರಡು ಮುದ್ದೆಗಳು ಗಡಿಯ ಮೇಲೇ ಇದ್ದರೆ ಅವೂ ಮುಂದೆ ಸೀಳುತ್ತವಾ? ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ? ಉತ್ತರ ಬೇಕಾದರೆ ಇನ್ನಷ್ಟು ಮಾರ್ದನಿಗಳ ತನಕ ಕಾಯಬೇಕು. ಇಲ್ಲೊಂದು ಸಣ್ಣ ಲೆಕ್ಕ ನೀವೇ ಹಾಕಬಹುದು. 3.44ನ್ನು 0.374ರಿಂದ ಭಾಗಿಸಿದರೆ 9.2, ಅದರ ಘಾತೀಯ ಬೆಲೆ ಹತ್ತು ಸಾವಿರದ ಹತ್ತಿರ. ಅಂದರೆ ಒಂದೊಂದು ಹೊಸ ಮಾರ್ದನಿ ನೋಡಲು ಗುಬುಟಿಯನ್ನು ಹತ್ತು ಸಾವಿರ ಪಟ್ಟು ಹೆಚ್ಚು ಹದವಾಗಿ ತಿರುಗಿಸಬೇಕು, ನಾಲ್ಕು ಅಂಕೆ ಜಾಸ್ತಿ ಬೇಕು. ಹದಿನಾರು ಅಂಕೆಯಲ್ಲಿ ಮೂರು, ಹೆಚ್ಚೆಂದರೆ ನಾಲ್ಕು ಮಾರ್ದನಿ. ಅಷ್ಟರಲ್ಲಿ ಕಂಪ್ಯೂಟರ್‌ನ ಸಂಖ್ಯೆಯೇ ಮುಗಿದುಹೋಗುತ್ತದೆ. ಸೊಟ್ಟ ಬೆಳೆಯುವುದು ನಿಧಾನ, ನಮಗೆ ಸಿಗುವ ಮಾರ್ದನಿ ಕಡಿಮೆ. ಮೂವತ್ತೆರಡು ಅಂಕೆ ಇಟ್ಟುಕೊಂಡು ಓಡಿಸಬಹುದು, ಆದರೆ ಪ್ರತಿ ಗುಣಾಕಾರವೂ ಬಹಳ ನಿಧಾನವಾಗುತ್ತದೆ. ಅಕ್ಷದ ಆಸರೆಯನ್ನೂ ಬಿಟ್ಟು ಪೂರ್ತಿ ಮೂರು ಆಯಾಮಕ್ಕೆ ಹೋದರೆ, ಆ 30 ಸಾವಿರ ಪಟ್ಟು ಸೂಕ್ಷ್ಮತೆಗೆ ಹಿಂದೆ 90 ಕೋಟಿ ಇದ್ದದ್ದು ಸಮ ಗ್ರಿಡ್‌ನಲ್ಲಿ 8,100 ಕೋಟಿ ಕೋಟಿ ಪಟ್ಟಾಗುತ್ತದೆ, ಗ್ರಿಡ್‌ನೊಳಗೆ ಗ್ರಿಡ್ ಹಾಕುವ ಉಪಾಯವಿಲ್ಲದೆ ಅದರ ಹತ್ತಿರವೂ ಸುಳಿಯುವ ಹಾಗಿಲ್ಲ.

ಇಂಥ ಲೆಕ್ಕಕ್ಕೆ ಬೇಕಾದ ಐನ್‌ಸ್ಟೈನ್ ಟೂಲ್‌ಕಿಟ್, ಜಿಆರ್‌ಚೋಂಬೋ ಎರಡೂ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಕೋಡ್‌ಗಳು. ದುಂಡಗಿನ ಲೆಕ್ಕಕ್ಕಂತೂ ಅದೂ ಬೇಡ, ಎಂಎಸ್ಸಿ ಓದುವ ಹುಡುಗ ಹುಡುಗಿಯರು ಪೈಥಾನ್‌ನಲ್ಲಿ ಕೆಲವು ನೂರು ಸಾಲು ಬರೆದು, ರಾತ್ರಿ ಓಡಲು ಬಿಟ್ಟು ಮಲಗಿದರೆ ಬೆಳಿಗ್ಗೆ ಎದ್ದಾಗ 0.37 ಪರದೆಯ ಮೇಲೆ ಇರುತ್ತದೆ. ಮಾಡಿ ನೋಡಿ. ಮೊದಲು ಸಮ ಗ್ರಿಡ್‌ನಲ್ಲೇ ಮಾಡಿ, ಕಪ್ಪುಕುಳಿ ಒಂದು ಗಾತ್ರದಲ್ಲಿ ನಿಂತುಬಿಡುವುದನ್ನು ಕಣ್ಣಾರೆ ನೋಡಿ, ಆಮೇಲೆ ಅಂತರ ಅರ್ಧ ಮಾಡಿ. ಸೀಳುವ ಮುದ್ದೆಯನ್ನು ಹದಿನಾರನೇ ಅಂಕೆಯ ಆಚೆ ಹಿಂಬಾಲಿಸಿದವರು ನನಗೆ ತಿಳಿದ ಮಟ್ಟಿಗೆ ಈತನಕ ಯಾರೂ ಇಲ್ಲ.